ಪುಟ 22ರ ಬಸವನಹುಳು

ಮಕ್ಕಳಿಗಾಗಿ ಮಾಡಿದ ನನ್ನ ಮೂರನೇ ಫೋಟೊ ಪುಸ್ತಕ ಹೊರಬಂದು ಎರಡು ತಿಂಗಳಾಗಿರಬೇಕು, ಪ್ರಕಾಶಕರ ಕಚೇರಿಯಿಂದ ನನ್ನ ಹೆಸರಿಗೆ ಒಂದು ಕಾಗದ ಬಂತು. ಗೆರೆ ಹಾಕಿದ ನೋಟ್‌ಬುಕ್ಕಿನಿಂದ ಹರಿದ ಹಾಳೆ. ಪೆನ್ಸಿಲ್ಲಿನಲ್ಲಿ ಎರಡು ಸುರುಳಿ ಬಿಡಿಸಿತ್ತು, ಒಂದು ಈ ಕಡೆಗೆ, ಇನ್ನೊಂದು ಆ ಕಡೆಗೆ. ಕೆಳಗೆ ಇಷ್ಟೇ: "ಪುಟ 14ರಲ್ಲಿ ಇರುವ ಬಸವನಹುಳುವೇ ಪುಟ 22ರಲ್ಲೂ ಇದೆ ಅಂತ ಬರೆದಿದ್ದೀರಿ. ಹಾಗಾದರೆ ಚಿಪ್ಪು ಯಾಕೆ ಬೇರೆ ಕಡೆಗೆ ಸುತ್ತಿಕೊಂಡಿದೆ?"

ಪುಸ್ತಕ ತೆಗೆದು ನೋಡಿದೆ. ಹೌದು. ಎರಡೂ ನಾನೇ ಚಿಪ್ಪಿನ ನೇರ ಮೇಲಿನಿಂದ ತೆಗೆದ ಫೋಟೊಗಳು. 14ರಲ್ಲಿ ಸುರುಳಿ ನಡುವಿನಿಂದ ಹೊರಕ್ಕೆ ಗಡಿಯಾರದ ಮುಳ್ಳಿನಂತೆ ಸುತ್ತಿದೆ, 22ರಲ್ಲಿ ಉಲ್ಟಾ. ಪುಟ ವಿನ್ಯಾಸ ಮಾಡುವವರು ಹುಳು ಪುಟದ ಒಳಮುಖವಾಗಿ ನಡೆಯಲಿ ಎಂದು ಫೋಟೊವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಬಿಟ್ಟಿದ್ದರು. ಕ್ಯಾಟಲಾಗು, ಜಾಹೀರಾತುಗಳಲ್ಲಿ ದಿನಾ ನಡೆಯುವ ಕೆಲಸ ಅದು. ತಪ್ಪು ಅವರದು ಅಂತ ಹೇಳಿ ಕೈತೊಳೆದುಕೊಳ್ಳುವ ಹಾಗೂ ಇರಲಿಲ್ಲ. ಪ್ರೂಫ್ ನೋಡಿ ಸಹಿ ಹಾಕಿದವಳು ನಾನು. ಹಸಿರು ಸರಿಯಾಗಿ ಬಂದಿದೆಯಾ ಎಂದಷ್ಟೇ ನೋಡಿದ್ದೆ. ಹುಳುವನ್ನು ನೋಡಿರಲೇ ಇಲ್ಲ.

ಇದು ಸಣ್ಣ ವಿಷಯ ಅಲ್ಲವಾ ಅಂತ ಆಮೇಲೆ ಹಲವರು ಕೇಳಿದರು. ಅಲ್ಲ. ಬಸವನಹುಳುಗಳಲ್ಲಿ ಬಹುಪಾಲು ಬಲಸುರುಳಿಯವು, ಅಂದರೆ ಪುಟ 14ರದ್ದರ ಹಾಗೆ ಗಡಿಯಾರದ ಮುಳ್ಳಿನಂತೆ ಸುತ್ತಿದವು. ಸುರುಳಿ ತಿರುಗಿದರೆ ಬರೀ ಚಿಪ್ಪು ತಿರುಗುವುದಿಲ್ಲ, ಮೈಯೊಳಗಿನ ಅಂಗಗಳೂ ತಿರುಗಿರುತ್ತವೆ. ಬಲಸುರುಳಿಯ ಜೊತೆಗಾರನೊಂದಿಗೆ ಕೂಡುವುದೇ ಕಷ್ಟ. 2016ರಲ್ಲಿ ಇಂಗ್ಲೆಂಡಿನಲ್ಲಿ ಎಡಸುರುಳಿಯ ಒಂದು ತೋಟದ ಬಸವನಹುಳು ಸಿಕ್ಕಿದಾಗ ನಾಟಿಂಗ್‌ಹ್ಯಾಂ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅದಕ್ಕೆ ಜೆರೆಮಿ ಎಂದು ಹೆಸರಿಟ್ಟು, ಇಂಥದ್ದೇ ಇನ್ನೊಂದು ಕಂಡರೆ ತಿಳಿಸಿ ಎಂದು ಊರಿಗೆಲ್ಲ ಸಾರಬೇಕಾಯಿತು. ಕೊನೆಗೆ ಅದಕ್ಕೆ ಜೊತೆ ಸಿಕ್ಕಿತು, ಮರಿಗಳೂ ಆದವು. ಮರಿಗಳೆಲ್ಲ ಮಾತ್ರ ಬಲಸುರುಳಿ. ಅಂಥ ಅಪರೂಪದ ಪ್ರಾಣಿಯನ್ನು ನಾವು ಮೌಸಿನ ಒಂದು ಕ್ಲಿಕ್ಕಿನಲ್ಲಿ ಹುಟ್ಟಿಸಿ, ಅಚ್ಚುಹಾಕಿ, ಮಕ್ಕಳ ಕೈಗೆ ಕೊಟ್ಟಿದ್ದೆವು.

ಆ ಮಗುವಿಗೆ ಉತ್ತರ ಬರೆಯಲು ಕೂತರೆ ಪದವೇ ಕೈಕೊಟ್ಟಿತು. ಬಲಮುರಿ, ಎಡಮುರಿ ಅಂತ ಬರೆಯೋಣ ಎಂದುಕೊಂಡೆ. ಆದರೆ ಬಲಮುರಿ ಶಂಖ ಅಂತ ನಾವು ಅಪರೂಪವೆಂದು ಹೇಳುತ್ತೇವಲ್ಲ, ಅದು ಜೀವವಿಜ್ಞಾನಿಗಳ ಲೆಕ್ಕದಲ್ಲಿ ಎಡಸುರುಳಿ! ಶಂಖವನ್ನು ಹಿಡಿದು ನೋಡುವ ರೀತಿಯೇ ಬೇರೆ, ಹಾಗಾಗಿ ಎಡಬಲ ಅದಲುಬದಲು. ಕೊನೆಗೆ ಗಡಿಯಾರದ ಮುಳ್ಳನ್ನೇ ನೆಚ್ಚಿಕೊಂಡೆ. "ನೀನು ಹೇಳಿದ್ದು ಸರಿ, ನಾವು ಫೋಟೊ ತಿರುಗಿಸಿಬಿಟ್ಟೆವು, ಮರುಮುದ್ರಣದಲ್ಲಿ ಸರಿಮಾಡುತ್ತೇವೆ" ಅಂತ ಬರೆದು ಕಳಿಸಿದೆ. ಮರುಮುದ್ರಣವಾಗಲು ನಾಲ್ಕು ವರ್ಷ ಹಿಡಿಯಿತು, ಅದು ಬೇರೆ ಮಾತು.

ಮಕ್ಕಳಿಗಾಗಿ ಕಥೆಯಲ್ಲದ ಪುಸ್ತಕ ಮಾಡುವುದು ಹೇಗೆ, ಆ ದಾರಿಗೆ ನೀವು ಹೇಗೆ ಬಂದಿರಿ ಎಂದು ಕೇಳುವವರಿಗೆ ನಾನು ಈ ಬಸವನಹುಳುವಿನಿಂದಲೇ ಶುರುಮಾಡುವುದು. ದೊಡ್ಡವರು ಫೋಟೊ ನೋಡುತ್ತಾರೆ, ಮಕ್ಕಳು ಓದುತ್ತಾರೆ. ಇದು ಅರ್ಥವಾಗುವ ಹೊತ್ತಿಗೆ ನನಗೆ ಸುಮಾರು ಹನ್ನೆರಡು ವರ್ಷ ಕಳೆದಿತ್ತು.

ನಾನು ಮೊದಲು ಮಾಡುತ್ತಿದ್ದುದು ಸಾಮಾನುಗಳ ಫೋಟೊ. ಕಂಪನಿಗಳ ಕ್ಯಾಟಲಾಗಿಗೆ ಸ್ಟೀಲಿನ ಪಾತ್ರೆ, ಗಾಜಿನ ಬಾಟಲಿ, ನಲ್ಲಿ, ಬೀಗ. ದಿನಕ್ಕೆ ನಲವತ್ತು, ಐವತ್ತು. ಬೇಸರದ ಕೆಲಸ ಎನ್ನಬಹುದು, ಆದರೆ ಬೆಳಕನ್ನು ಕಲಿಸಿದ್ದು ಅದೇ. ಹೊಳೆಯುವ ಚಮಚದ ಮುಂದೆ ಫ್ಲ್ಯಾಶ್ ಹಾರಿಸಿದರೆ ಚಮಚ ಕಾಣುವುದಿಲ್ಲ, ಫ್ಲ್ಯಾಶ್ ಕಾಣುತ್ತದೆ. ನಡುವೆ ಟ್ರೇಸಿಂಗ್ ಪೇಪರ್ ಹಿಡಿದು ಬೆಳಕನ್ನು ಅಗಲ ಮಾಡಿದರೆ ಮಾತ್ರ ಅದರ ಉಬ್ಬು ತಗ್ಗು ಕಾಣುತ್ತದೆ. ಮುಂದೆ ಜೀರುಂಡೆಯ ಬೆನ್ನಿಗೆ, ಕಣಜದ ತಲೆಗೆ ಮಾಡಿದ್ದೂ ಅದನ್ನೇ. ಜೀರುಂಡೆಯ ಬೆನ್ನು ಚಮಚದ ತಮ್ಮ.

ರಜೆಯ ದಿನ ಹುಳುಗಳ ಬೆನ್ನುಹತ್ತುತ್ತಿದ್ದೆ. ಒಂದು ದಿನ ಗೋಡೆಯ ಮೂಲೆಯಲ್ಲಿ ಗೂಡು ಕಟ್ಟುತ್ತಿದ್ದ ಕುಂಬಾರ ಹುಳುವಿನ, ಅಂದರೆ ಮಣ್ಣಿನಲ್ಲಿ ಪುಟ್ಟ ಮಡಕೆಯಂಥ ಗೂಡು ಕಟ್ಟುವ ಕಣಜದ, ಫೋಟೊ ತೆಗೆದು ಮನೆಯವರಿಗೆಲ್ಲ ತೋರಿಸಿದೆ. ಎಷ್ಟು ಚೆಂದ, ಎಷ್ಟು ಸ್ಪಷ್ಟ ಎಂದರು ಎಲ್ಲರೂ. ಅಣ್ಣನ ಮಗಳಿಗೆ ಆಗ ಏಳು ವರ್ಷ. ಅವಳು ಫೋನಿನ ಪರದೆಯನ್ನು ಎರಡು ಬೆರಳಿನಲ್ಲಿ ಹಿಗ್ಗಿಸಿ ಕೇಳಿದಳು: "ಅತ್ತೆ, ಇದರ ಬಾಯಲ್ಲಿ ಏನಿದೆ?"

ನನಗೆ ಗೊತ್ತಿರಲಿಲ್ಲ. ನಾನೇ ತೆಗೆದ ಫೋಟೊ, ಫೋಕಸ್ ಸರಿಯಾಗಿ ಬಾಯಿಯ ಮೇಲೇ ಇದೆ, ಆದರೂ ಅಲ್ಲೊಂದು ಉಂಡೆ ಇರುವುದನ್ನು ನೋಡಿರಲಿಲ್ಲ. ಮಣ್ಣಿನ ಉಂಡೆ ಅದು. ಹುಳು ಮೊದಲು ನೀರು ಕುಡಿದು ಹೊಟ್ಟೆಯ ಚೀಲದಲ್ಲಿ ತುಂಬಿಕೊಂಡು ಬರುತ್ತದೆ, ಒಣಮಣ್ಣಿನ ಮೇಲೆ ಅದನ್ನು ಕಕ್ಕಿ, ಕಲಸಿ, ಉಂಡೆಮಾಡಿ, ಗೂಡಿಗೆ ಒಯ್ಯುತ್ತದೆ. ಇಷ್ಟನ್ನು ಹುಡುಕಿ ಓದಿ ಅವಳಿಗೆ ಹೇಳಲು ನನಗೆ ಒಂದು ವಾರ ಹಿಡಿಯಿತು. ಹೇಳಿದ ಮೇಲೆ ಅವಳು ಕೇಳಿದ್ದು: "ಹಾಗಾದರೆ ನೀರು ಕುಡಿಯುವ ಫೋಟೊ ಎಲ್ಲಿ?"

ನನ್ನ ಮೊದಲ ಸಂಪಾದಕಿ ಅವಳೇ ಅನ್ನಬೇಕು.

ನಿಜವಾದ ಪ್ರಕಾಶಕರ ಹತ್ತಿರ ಹೋದಾಗ ನಾನು ಮಾಡಿದ್ದು ಎಲ್ಲ ಫೋಟೊಗ್ರಾಫರುಗಳೂ ಮಾಡುವ ತಪ್ಪು. ನನ್ನ ಅತ್ಯುತ್ತಮ ಇಪ್ಪತ್ತು ಫೋಟೊಗಳನ್ನು ಆರಿಸಿ ಕಳಿಸಿದೆ. ಚಿಟ್ಟೆ, ಜೇಡ, ಜೀರುಂಡೆ, ಎಲ್ಲ ಸೇರಿದ ಒಂದು ಮೆರವಣಿಗೆ. ಉತ್ತರ ಒಂದೇ ಸಾಲು: "ಫೋಟೊ ಚೆನ್ನಾಗಿವೆ, ಪುಸ್ತಕ ಎಲ್ಲಿ?" ಸಿಟ್ಟು ಬಂತು. ಎರಡು ತಿಂಗಳು ಆ ಸಿಟ್ಟನ್ನು ಸಾಕಿಕೊಂಡಿದ್ದೆ. ಆಮೇಲೆ ಗ್ರಂಥಾಲಯದ ಮಕ್ಕಳ ವಿಭಾಗಕ್ಕೆ ಹೋಗಿ ಮಕ್ಕಳ ಸಣ್ಣ ಬೆಂಚಿನ ಮೇಲೆ ಕೂತು ಪುಟ ಎಣಿಸಲು ಶುರುಮಾಡಿದೆ.

ಚಿತ್ರಪುಸ್ತಕಗಳು ಹೆಚ್ಚಾಗಿ 32 ಪುಟ. ಇದಕ್ಕೆ ಕಾರಣ ಮಡಿಕೆ. ದೊಡ್ಡ ಹಾಳೆಯನ್ನು ಅಚ್ಚುಹಾಕಿ, ಮಡಚಿ, ಕತ್ತರಿಸಿದರೆ 16 ಪುಟದ ಒಂದು ಫಾರಂ ಆಗುತ್ತದೆ. ಎರಡು ಫಾರಂ ಸೇರಿದರೆ 32. ಸ್ವಲ್ಪ ದೊಡ್ಡ ಮಕ್ಕಳ ಪುಸ್ತಕವಾದರೆ 48 ಅಥವಾ 64. ಶೀರ್ಷಿಕೆಯ ಪುಟ, ಹಕ್ಕುಸ್ವಾಮ್ಯದ ಪುಟ ಇತ್ಯಾದಿಗೆ ನಾಲ್ಕು ಕಳೆದರೆ ನಿಮಗೆ ಉಳಿಯುವುದು 28 ಪುಟ. ಅಂದರೆ ಎದುರುಬದುರು ಪುಟಗಳ 14 ಜೋಡಿ. ನಿಮ್ಮ ಹತ್ತಿರ ಎಷ್ಟು ಸಾವಿರ ಫೋಟೊ ಇದ್ದರೂ ಹೇಳಬೇಕಾದ್ದನ್ನು 14 ಸಲ ಪುಟ ತಿರುಗಿಸುವುದರೊಳಗೆ ಹೇಳಿ ಮುಗಿಸಬೇಕು. ನಾನು ಎಂಟು ಬಿಳಿ ಹಾಳೆಗಳನ್ನು ಒಟ್ಟಿಗೆ ಮಡಚಿ ನಡುವೆ ಪಿನ್ನು ಹೊಡೆದು 32 ಪುಟದ ಡಮ್ಮಿ ಮಾಡಿಕೊಂಡೆ. ಫೋಟೊ ಅಂಟಿಸಲಿಲ್ಲ. ಪ್ರತಿ ಜೋಡಿ ಪುಟದಲ್ಲಿ ಒಂದು ಪ್ರಶ್ನೆ ಮಾತ್ರ ಬರೆದೆ: ಬಾಯಲ್ಲಿ ಏನಿದೆ? ನೀರು ಎಲ್ಲಿಂದ? ಮಡಕೆ ಯಾರಿಗೆ? ಒಳಗೆ ಏನಿಟ್ಟಿತು? ಬಾಯಿ ಯಾಕೆ ಮುಚ್ಚಿತು?

ಹದಿನಾಲ್ಕರಲ್ಲಿ ಒಂಬತ್ತಕ್ಕೆ ನನ್ನ ಹತ್ತಿರ ಫೋಟೊ ಇರಲಿಲ್ಲ. ಇದ್ದ ಫೋಟೊಗಳಲ್ಲಿ ಅತಿ ಸುಂದರವಾದ ಆರು ಯಾವ ಪ್ರಶ್ನೆಗೂ ಉತ್ತರವಾಗಿರಲಿಲ್ಲ. ಅವನ್ನು ಬಿಟ್ಟೆ. ಬಿಡಲು ಹೊಟ್ಟೆ ಉರಿಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಆ ಒಂಬತ್ತನ್ನು ತೆಗೆಯಲು ಎರಡು ಋತು ಹಿಡಿಯಿತು. ಹುಳುವಿನಷ್ಟೇ ಗಾತ್ರದ ಬಿಂಬ ಸೆನ್ಸರಿನ ಮೇಲೆ ಬೀಳುವಷ್ಟು ಹತ್ತಿರ ಹೋದರೆ, ಬೆಳಕು ಒಳಬರುವ ಲೆನ್ಸಿನ ಕಿಂಡಿಯನ್ನು ಎಫ್/11ರಷ್ಟು ಸಣ್ಣದು ಮಾಡಿದರೂ ಸ್ಪಷ್ಟವಾಗಿ ಬರುವ ಆಳ ಒಂದೂವರೆ ಮಿಲಿಮೀಟರಿನಷ್ಟೂ ಇಲ್ಲ. ಕಣ್ಣು ಬಂದರೆ ಮೀಸೆ ಮಂಜು, ಮೀಸೆ ಬಂದರೆ ಕಣ್ಣು ಮಂಜು. ಕಿಂಡಿಯನ್ನು ಇನ್ನೂ ಸಣ್ಣದು ಮಾಡಿದರೆ ಬೆಳಕು ಅಂಚಿನಲ್ಲಿ ಬಾಗಿ ಇಡೀ ಚಿತ್ರವೇ ಮೆದುವಾಗುತ್ತದೆ. ಅಲುಗಾಡದ ವಸ್ತುವಾದರೆ ಫೋಕಸನ್ನು ಕೂದಲೆಳೆಯಷ್ಟು ಸರಿಸುತ್ತಾ ಮೂವತ್ತು ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಒಂದಾಗಿ ಹೊಂದಿಸಬಹುದು. ಬದುಕಿರುವ ಹುಳು ಮೂವತ್ತು ಫೋಟೊದವರೆಗೆ ಕಾಯುವುದಿಲ್ಲ. ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ ತೆಗೆಯಿರಿ ಎಂದು ಅನುಭವಿಗಳೊಬ್ಬರು ಸಲಹೆ ಕೊಟ್ಟರು. ನಾನು ಮಾಡಲಿಲ್ಲ. ದಯೆಗಿಂತ ಹೆಚ್ಚಾಗಿ, ಚಳಿ ಹಿಡಿದ ಹುಳು ಕಾಲು ಮಡಚಿಕೊಂಡು ಕೂರುವ ರೀತಿಯೇ ಬೇರೆ. ಅದು ಫೋಟೊದಲ್ಲಿ ಗೊತ್ತಾಗುತ್ತದೆ. ನನಗೆ ಗೊತ್ತಾದರೆ ಅಣ್ಣನ ಮಗಳಿಗೂ ಗೊತ್ತಾಗುತ್ತದೆ.

ಕೂತು ಕಾದೆ, ಅಷ್ಟೇ. ಹುಳು ಉಂಡೆ ತಂದು ಮಡಕೆಯ ಅಂಚಿಗೆ ಒತ್ತಿ, ಹಿಂದೆ ಸರಿಯುತ್ತಾ ಪಟ್ಟಿಯ ಹಾಗೆ ಎಳೆಯುತ್ತದೆ. ಅದು ಹೋಗಿ ಬರುವ ಹೊತ್ತನ್ನು ಗಡಿಯಾರ ಹಿಡಿದು ಬರೆದುಕೊಂಡರೆ ಮುಂದಿನ ಸಲ ಯಾವಾಗ ಬರುತ್ತದೆ ಎಂದು ಅಂದಾಜು ಸಿಗುತ್ತದೆ. ಆ ನಡುವೆ ಕತ್ತು ತಿರುಗಿಸಿಕೊಳ್ಳಬಹುದು. ಮಡಕೆ ತುಂಬಿದ ಹಾಗೆ ಬಾಯಿ ಕಿರಿದಾಗುತ್ತದೆ, ಕೊನೆಯ ಉಂಡೆಯಲ್ಲಿ ಹೊರಕ್ಕೆ ಬಾಗಿದ ಕಂಠ ಬರುತ್ತದೆ. ತಿಗರಿಯ ಮೇಲಿಂದ ಇಳಿಸಿದ ಹಾಗೆ. ಹೆಸರಿಟ್ಟವರು ಸುಮ್ಮನೆ ಇಟ್ಟಿಲ್ಲ.

ಈಗ ಎಲ್ಲರೂ ಕೇಳುವ ಪುಟ. ಮಡಕೆಯ ಒಳಗೆ ನಡೆಯುವುದನ್ನು ಹೇಗೆ ತೋರಿಸುವುದು? ಮೊದಲ ಕರಡಿನಲ್ಲಿ ನಾನು ಹೀಗೆ ಬರೆದಿದ್ದೆ: ಹುಳು ಮಡಕೆಯಲ್ಲಿ ಹಸಿರು ಕಂಬಳಿಹುಳುಗಳನ್ನು ತುಂಬಿ, ಅವುಗಳ ಮೇಲೆ ಮೊಟ್ಟೆ ಇಡುತ್ತದೆ. ಕರಡನ್ನು ಕೀಟವಿಜ್ಞಾನಿಯೊಬ್ಬರಿಗೆ ಕೊಟ್ಟೆ. ಅವರು ಪೆನ್ಸಿಲ್ಲಿನಲ್ಲಿ ಒಂದು ಬಾಣ ಹಾಕಿ ವಾಕ್ಯವನ್ನೇ ತಲೆಕೆಳಗು ಮಾಡಿದರು. ಮಡಕೆ ಕಟ್ಟುವ ಈ ಜಾತಿಯಲ್ಲಿ ಮೊಟ್ಟೆ ಮೊದಲು. ಖಾಲಿ ಮಡಕೆಯ ಚಾವಣಿಯಿಂದ ಒಂದು ಎಳೆಯಲ್ಲಿ ಅದನ್ನು ತೂಗುಹಾಕಿ, ಆಮೇಲೆ ಕಂಬಳಿಹುಳುಗಳನ್ನು ತರುತ್ತದೆ. ನಾನು ಓದಿದ್ದು ಜೇಡಗಳನ್ನು ತುಂಬುವ ಇನ್ನೊಂದು ಬಗೆಯ ಮಣ್ಣುಗೂಡಿನ ಕಣಜದ ಬಗ್ಗೆ, ಎರಡನ್ನೂ ಕಲಸಿಬಿಟ್ಟಿದ್ದೆ. ಆ ಬಾಣ ಬರದೇ ಹೋಗಿದ್ದರೆ ಪುಸ್ತಕದ ನಡುಪುಟವೇ ಸುಳ್ಳಾಗುತ್ತಿತ್ತು. ಅಂದಿನಿಂದ ತಜ್ಞರು ಓದದೆ ಯಾವ ಪುಸ್ತಕವನ್ನೂ ಅಚ್ಚಿಗೆ ಬಿಟ್ಟಿಲ್ಲ. ಅವರಿಗೆ ಸಂಭಾವನೆ ಕೊಡಲು ಪ್ರಕಾಶಕರು ಒಪ್ಪದಿದ್ದರೆ ನನ್ನ ಪಾಲಿನಿಂದ ಕೊಡುತ್ತೇನೆ.

ಆದರೆ ತೂಗುವ ಮೊಟ್ಟೆಯ ಫೋಟೊ ಬೇಕೆಂದರೆ ಹೊಸ ಮಡಕೆಯನ್ನು ಒಡೆಯಬೇಕು. ಒಂದು ದಿನ ಕೈಯಲ್ಲಿ ಚಾಕು ಹಿಡಿದು ನಿಂತದ್ದೂ ಉಂಟು. ಒಡೆಯಲಿಲ್ಲ. ಹಳೆಯ, ಮರಿ ಹಾರಿಹೋದ ಮಡಕೆಯೊಂದನ್ನು ಕತ್ತರಿಸಿ ಒಳಗಿನ ಆಕಾರ ಅಳೆದುಕೊಂಡು, ಒಬ್ಬ ಚಿತ್ರಕಾರರಿಂದ ಪೆನ್ಸಿಲ್ ಚಿತ್ರ ಬರೆಸಿದೆವು. ಇಡೀ ಪುಸ್ತಕ ಫೋಟೊ, ಆ ಜೋಡಿ ಪುಟ ಮಾತ್ರ ಚಿತ್ರ. ಬೇರೆ ಪುಟಗಳ ಜೊತೆ ಹೊಂದುವುದಿಲ್ಲ ಎಂದು ಪ್ರಕಾಶಕರ ಕಡೆಯವರಿಗೆ ಇಷ್ಟವಿರಲಿಲ್ಲ. ಹೊಂದದಿರಲಿ, ಇದು ನಾವು ಕಣ್ಣಾರೆ ನೋಡಿದ್ದಲ್ಲ, ತಿಳಿದವರಿಂದ ತಿಳಿದು ಬಿಡಿಸಿದ್ದು ಎಂದು ಮಗುವಿಗೆ ಗೊತ್ತಾಗಲಿ ಎಂದೆ. ಒಂದು ತಿಂಗಳು ಜಗ್ಗಾಟ ನಡೆದು ಪುಟ ಉಳಿಯಿತು.

ಬರವಣಿಗೆಯೂ ಕಡಿಮೆ ಕಾಟ ಕೊಡಲಿಲ್ಲ. ಕಂಬಳಿಹುಳುವನ್ನು ಕಣಜ ಕುಟುಕುತ್ತದೆ. ಅದು ಸಾಯುವುದಿಲ್ಲ, ಅಲುಗಾಡಲಾರದು ಅಷ್ಟೇ. ಸತ್ತರೆ ಕೊಳೆಯುತ್ತದೆ, ಮರಿಗೆ ತಾಜಾ ಊಟ ಇರುವುದಿಲ್ಲ. ಇದಕ್ಕೆ ನಾನು ಮೊದಲು ಪಾರ್ಶ್ವವಾಯು ಎಂದು ಬರೆದಿದ್ದೆ. ಏಳು ವರ್ಷದ ಮಗುವಿಗೆ ಆ ಪದ ಯಾಕೆ? ಕಾಲು ಮಡಚಿ ಕೂತು ಎದ್ದಾಗ ಏನಾಗುತ್ತದೆ ಎಂದು ಯೋಚಿಸಿದರೆ ಪದ ತಾನಾಗಿ ಬಂತು: "ಕಂಬಳಿಹುಳುವಿಗೆ ಮೈಯೆಲ್ಲ ಜೋಮು ಹಿಡಿಯುತ್ತದೆ." ಆ ಸಾಲಿನಲ್ಲಿ 'ಪಾಪ' ಎಂಬ ಮಾತನ್ನು ಮೂರು ಸಲ ಸೇರಿಸಿ ಮೂರು ಸಲ ತೆಗೆದೆ. ಪಾಪ ಅನ್ನುವುದೋ ಬಿಡುವುದೋ ಓದುವವರು ತೀರ್ಮಾನ ಮಾಡಲಿ. ಭ್ರಮರ-ಕೀಟ ನ್ಯಾಯ ಎಂಬ ಹಳೆಯ ಮಾತು ನೆನಪಿದೆಯಲ್ಲ, ಗೂಡಿನೊಳಗಿನ ಕೀಟ ಭ್ರಮರವನ್ನೇ ನೆನೆದು ನೆನೆದು ಭ್ರಮರವಾಯಿತು ಎಂದು. ಗೂಡಿಗೆ ಹುಳು ಹೋಗುವುದನ್ನೂ ಅದರಿಂದ ಕಣಜ ಬರುವುದನ್ನೂ ನೋಡಿದವರು ಕಟ್ಟಿದ ಮಾತಿರಬೇಕು ಅದು. ನೋಡಿದ್ದರಲ್ಲಿ ತಪ್ಪಿಲ್ಲ. ನಡುವಿನ ಪುಟ ಮಾತ್ರ ಅವರಿಗೆ ಕಾಣಲಿಲ್ಲ.

ಫೋಟೊದ ಕೆಳಗಿನ ಸಾಲಿಗೆ ನಾನೇ ಹಾಕಿಕೊಂಡ ಒಂದು ನಿಯಮ ಇದೆ. ಫೋಟೊದಲ್ಲಿ ಕಾಣುವುದನ್ನು ಬರೆಯಬಾರದು. "ಕುಂಬಾರ ಹುಳು ಗೂಡು ಕಟ್ಟುತ್ತಿದೆ" ಎಂದು ಬರೆದರೆ ಮಗು, ಗೊತ್ತು, ಮುಂದೆ ಹೇಳು ಅನ್ನುತ್ತದೆ. "ಈ ಉಂಡೆಯ ನೀರು ಅದರ ಹೊಟ್ಟೆಯಿಂದ ಬಂದದ್ದು" ಎಂದರೆ ಕಣ್ಣು ಮತ್ತೆ ಫೋಟೊಗೆ ಹೋಗುತ್ತದೆ. ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದುತ್ತೇನೆ. ಎಲ್ಲಿ ಉಸಿರು ಕಟ್ಟುತ್ತದೋ ಅಲ್ಲಿ ವಾಕ್ಯ ಮುರಿಯುತ್ತೇನೆ.

ಇನ್ನೊಂದು ಪೆಟ್ಟು ಗಾತ್ರದ್ದು. ಒಂದೂವರೆ ಸೆಂಟಿಮೀಟರ್ ಹುಳು ಎರಡು ಪುಟ ತುಂಬಿ ನಿಂತರೆ ನೋಡಲು ಭರ್ಜರಿ. ಪುಸ್ತಕ ಬಂದ ಮೇಲೆ ಒಂದು ಶಾಲೆಯಲ್ಲಿ ಹುಡುಗನೊಬ್ಬ, "ಇದು ಕಚ್ಚಿದರೆ ಕೈ ಹೋಗುತ್ತಾ?" ಎಂದು ಗಾಬರಿಯಿಂದ ಕೇಳಿದ. ಅವನು ಅದನ್ನು ಪಾರಿವಾಳದಷ್ಟು ಎಂದು ತಿಳಿದಿದ್ದ. ತಪ್ಪು ಅವನದಲ್ಲ. ಈಗ ಪ್ರತಿ ಪುಸ್ತಕದಲ್ಲೂ ಮೂಲೆಯಲ್ಲಿ ಪ್ರಾಣಿಯ ನಿಜಗಾತ್ರದ ಕಪ್ಪು ನೆರಳು ಅಚ್ಚಾಗುತ್ತದೆ. ಮಕ್ಕಳು ಅದರ ಮೇಲೆ ಬೆರಳಿಟ್ಟು ಅಳೆಯುತ್ತಾರೆ.

ಮುದ್ರಣದ ಬಗ್ಗೆ ಎರಡೇ ಮಾತು. ಒಂದು ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ ಹತ್ತಿಂಚಿನ ಎರಡು ಪುಟ ತುಂಬಲು ಅಗಲಕ್ಕೇ 6000 ಪಿಕ್ಸೆಲ್ ಬೇಕು. ಹಾಗಾಗಿ ಆಮೇಲೆ ಕತ್ತರಿಸಿಕೊಳ್ಳುತ್ತೇನೆ ಎಂದು ದೂರದಿಂದ ತೆಗೆದರೆ ಕೆಲಸ ಕೆಡುತ್ತದೆ. ಮತ್ತೆ, ಮುಖ್ಯವಾದದ್ದನ್ನು ಚೌಕಟ್ಟಿನ ನಟ್ಟನಡುವೆ ಇಡಬೇಡಿ. ಅಲ್ಲೇ ಹೊಲಿಗೆ ಬರುವುದು. ನನ್ನ ಮೊದಲ ಪುಸ್ತಕದಲ್ಲಿ ಒಂದು ಕಣಜದ ತಲೆ ಪೂರ್ತಿ ಆ ಸಂದಿಗೆ ಹೋಗಿದೆ. ಪುಸ್ತಕವನ್ನು ಮುರಿಯುವಷ್ಟು ಅಗಲ ತೆರೆದರೆ ಒಂದು ಕಣ್ಣು ಕಾಣುತ್ತದೆ.

ದುಡ್ಡಿನ ಮಾತೂ ಹೇಳಿಬಿಡುತ್ತೇನೆ, ಯಾರೂ ಹೇಳುವುದಿಲ್ಲ. ಪ್ರಕಾಶಕರು ಕೊಡುವ ಮುಂಗಡ ಉಡುಗೊರೆಯಲ್ಲ. ಪುಸ್ತಕ ಮಾರಾಟವಾದ ಮೇಲೆ ನಿಮಗೆ ಬರುವ ರಾಯಲ್ಟಿಯಿಂದ ಅದು ಮುರಿದುಹೋಗುತ್ತದೆ, ಅದು ತೀರುವವರೆಗೆ ಬೇರೆ ಕಾಸು ಬರುವುದಿಲ್ಲ. ಬರೆದವರು ಬೇರೆ, ಫೋಟೊ ತೆಗೆದವರು ಬೇರೆ ಆದರೆ ರಾಯಲ್ಟಿ ಹಂಚಿಹೋಗುತ್ತದೆ. ಎರಡೂ ನಾನೇ ಆದ್ದರಿಂದ ಪೂರ್ತಿ ನನಗೆ, ಹಾಗೆಯೇ ಪೂರ್ತಿ ಬೈಗುಳವೂ ನನಗೆ. ಫೋಟೊಗಳ ಹಕ್ಕನ್ನು ಮಾರಿಕೊಂಡಿಲ್ಲ, ಪುಸ್ತಕದಲ್ಲಿ ಬಳಸಲು ಒಪ್ಪಿಗೆ ಮಾತ್ರ ಕೊಡುತ್ತೇನೆ. ಆ ಒಂದು ಸಾಲನ್ನು ಒಪ್ಪಂದದಲ್ಲಿ ಹಾಕಿಸಿಕೊಂಡದ್ದರಿಂದ ಹಳೆಯ ಫೋಟೊಗಳು ಪಠ್ಯಪುಸ್ತಕಗಳಿಗೆ, ಪತ್ರಿಕೆಗಳಿಗೆ ಹೋಗಿ ಇವತ್ತಿಗೂ ಅಷ್ಟಿಷ್ಟು ತರುತ್ತಿವೆ. ಆದರೂ ಮೊದಲ ಆರು ವರ್ಷ ನಲ್ಲಿ ಮತ್ತು ಬೀಗಗಳೇ ನನ್ನನ್ನು ಸಾಕಿದ್ದು. ಕೆಲಸ ಬಿಟ್ಟು ಕನಸಿನ ಹಿಂದೆ ಹೋದೆ ಎನ್ನುವ ಕಥೆ ನನ್ನದಲ್ಲ.

ಶಾಲೆಗಳಿಗೆ ಹೋದಾಗ ಪುಸ್ತಕದ ಫೋಟೊ ತೋರಿಸುವ ಮೊದಲು ಕುದುರೆ ಬಿಡಿಸಲು ಹೇಳುತ್ತೇನೆ. ಓಡುವ ಕುದುರೆ, ನಾಲ್ಕೂ ಕಾಲು ನೆಲ ಬಿಟ್ಟ ಕ್ಷಣ. ಹೆಚ್ಚಿನವರು ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿಸುತ್ತಾರೆ. ದೊಡ್ಡ ದೊಡ್ಡ ಚಿತ್ರಕಾರರೂ ಶತಮಾನಗಳ ಕಾಲ ಹಾಗೇ ಬಿಡಿಸಿದ್ದರು. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಫೋಟೊಗ್ರಾಫರ್ ಓಟದ ದಾರಿಯುದ್ದಕ್ಕೂ ಕ್ಯಾಮೆರಾಗಳ ಸಾಲು ನಿಲ್ಲಿಸಿ ತೆಗೆದಾಗ ಗೊತ್ತಾಯಿತು: ನಾಲ್ಕೂ ಗೊರಸು ಗಾಳಿಯಲ್ಲಿರುವುದು ನಿಜ, ಆದರೆ ಆಗ ಕಾಲುಗಳು ಹೊಟ್ಟೆಯ ಕೆಳಗೆ ಒಟ್ಟಾಗಿರುತ್ತವೆ. ಆ ಫೋಟೊಗಳನ್ನು ನೋಡಿದ ಮಕ್ಕಳು ತಮ್ಮ ಚಿತ್ರ ಅಳಿಸಲು ರಬ್ಬರ್ ಹುಡುಕುತ್ತಾರೆ. ಅಳಿಸಬೇಡಿ, ಪಕ್ಕದಲ್ಲಿ ಇನ್ನೊಂದು ಬಿಡಿಸಿ ಎನ್ನುತ್ತೇನೆ.

ಆಮೇಲೆ ಪ್ರಶ್ನೆಗಳು. ಇತ್ತೀಚೆಗೆ ಹೆಚ್ಚಾಗಿ ಬರುವುದು, "ಇದು ನಿಜವಾದ ಫೋಟೊನಾ, ಕಂಪ್ಯೂಟರ್ ಮಾಡಿದ್ದಾ?" ಎಂದು. ಐದು ವರ್ಷದ ಹಿಂದೆ ಯಾರೂ ಕೇಳುತ್ತಿರಲಿಲ್ಲ. ಅದಕ್ಕೇ ಈಗ ಪುಸ್ತಕದ ಕೊನೆಯ ಪುಟದಲ್ಲಿ ಎಲ್ಲ ಬರೆದುಬಿಡುತ್ತೇನೆ: ಯಾವುದು ಬಯಲಿನಲ್ಲಿ ತೆಗೆದದ್ದು, ಯಾವುದು ಗಾಜಿನ ತೊಟ್ಟಿಯಲ್ಲಿ, ಯಾವುದು ಹಲವು ಫೋಟೊ ಸೇರಿಸಿ ಹೊಂದಿಸಿದ್ದು, ಎಷ್ಟು. ಮಕ್ಕಳು ಆ ಪುಟವನ್ನು ಓದುತ್ತಾರೆ, ಆಶ್ಚರ್ಯ! ದೊಡ್ಡವರು ಒಬ್ಬರೂ ಓದಿದ್ದು ಕಂಡಿಲ್ಲ.

ಈಗ ನಡೆಯುತ್ತಿರುವುದು ಕಪ್ಪೆಯ ಪುಸ್ತಕ. 14 ಜೋಡಿ ಪುಟಗಳಲ್ಲಿ ಹದಿಮೂರು ಆಗಿವೆ. ಗೊದಮೊಟ್ಟೆಗೆ ಮೊದಲು ಹಿಂಗಾಲು ಬರುತ್ತದೆ, ಅದು ಮೊಳೆಯುವುದು ದಿನದಿನವೂ ಕಾಣುತ್ತದೆ. ಮುಂಗಾಲು ಹಾಗಲ್ಲ. ಚರ್ಮದ ಒಳಗೇ ಪೂರ್ತಿ ಬೆಳೆದು, ಮೊಣಕೈ ಉಬ್ಬಿಕೊಂಡು, ಒಂದು ಗಳಿಗೆಯಲ್ಲಿ ತೋಳು ಹೊರಗೆ ನುಗ್ಗುತ್ತದೆ, ಅಂಗಿಯ ತೋಳಿನಿಂದ ಕೈ ತೂರಿಸಿದ ಹಾಗೆ. ಎರಡೂ ಒಟ್ಟಿಗಲ್ಲ, ಒಂದಾದ ಮೇಲೆ ಒಂದು. ಆ ಗಳಿಗೆ ನನಗೆ ಬೇಕು. ಇದು ಮೂರನೇ ಋತು. ಮೊದಲ ವರ್ಷ ರಾತ್ರಿ ನಿದ್ದೆಹೋದೆ. ಎರಡನೇ ವರ್ಷ ತೊಟ್ಟಿಯ ಗಾಜಿನ ಮೇಲೆ ಪಾಚಿ.

ಅಣ್ಣನ ಮಗಳು ಈಗ ಕಾಲೇಜಿನಲ್ಲಿದ್ದಾಳೆ. ನಿನ್ನೆ ಸಂಜೆ ಫೋನು ಮಾಡಿ, "ಸಿಕ್ಕಿತಾ ಅತ್ತೆ?" ಎಂದಳು. ಎಡಗೈ ಹೊರಬಂದಾಗ ನಾನು ಬ್ಯಾಟರಿ ಬದಲಿಸುತ್ತಿದ್ದೆ ಎಂದೆ. ಬಲಗೈ ಇನ್ನೂ ಒಳಗೇ ಇದೆ. ಉಬ್ಬು ಕಾಣುತ್ತಿದೆ.